ಪಂಚಶೀಲಾಳ ಪಾಲಿನ ಬಸ್ಕಿ

ಶಹಾಪುರದ ಹೊಸ ಜಿಮ್ ಇದ್ದದ್ದು ಒಂದು ಸಿಮೆಂಟ್ ಅಂಗಡಿಯ ಮೇಲಿನ ಮಹಡಿಯಲ್ಲಿ. ಸೋಮವಾರ ಬೆಳಿಗ್ಗೆ ಪಂಚಶೀಲಾ ಆ ಮೆಟ್ಟಿಲು ಹತ್ತುವುದನ್ನು ಯಾರಾದರೂ ನೋಡಿದ್ದರೆ, ಪಾಪ, ಈಕೆಯ ತಲೆಯ ಮೇಲೆ ಕಣ್ಣಿಗೆ ಕಾಣದ ತುಂಬಿದ ಕೊಡವೊಂದು ಇರಬೇಕು ಎಂದುಕೊಳ್ಳುತ್ತಿದ್ದರು. ಒಂದೆರಡು ಮೆಟ್ಟಿಲು ಹತ್ತುವುದು, ನಿಲ್ಲುವುದು, ಗೋಡೆಗೆ ಕೈಯಾನಿಸಿ ಎದೆಯ ಸದ್ದು ಕೇಳುವುದು, ಅದು ತನ್ನ ಪಾಡಿಗೆ ತಾನಿದೆ ಎಂದು ಖಾತ್ರಿಯಾದ ಮೇಲೆ ಮುಂದಕ್ಕೆ ಕಾಲಿಡುವುದು. ಎದೆ ಜೋರಾಗಿ ಹೊಡೆದುಕೊಳ್ಳಲಿ ಎಂದೇ ಜನ ಬರುವ ಜಾಗಕ್ಕೆ ಅವಳು ಎದೆಯನ್ನು ಹಸುಗೂಸಿನಂತೆ ಜೋಪಾನ ಮಾಡಿಕೊಂಡು ಬಂದಿದ್ದಳು.

ಅದಕ್ಕೆ ಕಾರಣವಿತ್ತು. ಹೋದ ವರ್ಷ ಅವಳ ಅಕ್ಕ ಸುಜಾತಾ ವಡಗೇರಾ ಬಸ್ ಸ್ಟ್ಯಾಂಡಿನಲ್ಲಿ, ಹೊರಟುಬಿಟ್ಟಿದ್ದ ಬಸ್ಸನ್ನು ಓಡಿಹೋಗಿ ಹಿಡಿದಿದ್ದಳು. ಸೀಟೂ ಸಿಕ್ಕಿತ್ತು. "ಕಿಡಕಿ ಜರಾ ತಗೀರಿ, ಗಾಳಿ ಬರಲಿ" ಎಂದು ಪಕ್ಕದವರಿಗೆ ಹೇಳಿದ್ದೇ ಕೊನೆಯ ಮಾತು. ಚಿಕ್ಕಂದಿನಲ್ಲಿ ಬಂದ ಜ್ವರವೊಂದು ಅವಳ ಹೃದಯದ ಕವಾಟವನ್ನು ಕೆಡಿಸಿಟ್ಟು ಹೋಗಿತ್ತು, ಮನೆಯಲ್ಲಿ ಯಾರಿಗೂ ಅದು ತಿಳಿದಿರಲಿಲ್ಲ ಎಂದು ಡಾಕ್ಟರು ಆಮೇಲೆ ವಿವರಿಸಿದರು. ಪಂಚಶೀಲಾಳ ತಲೆಯಲ್ಲಿ ಮಾತ್ರ ಕವಾಟ, ಜ್ವರ ಯಾವುದೂ ಉಳಿಯಲಿಲ್ಲ. ಉಳಿದದ್ದು ಇಷ್ಟೇ: ಅಕ್ಕ ಓಡಿದಳು, ದಮ್ಮು ಹತ್ತಿತು, ಸತ್ತಳು.

ಅಂದಿನಿಂದ ಅವಳು ಓಡುವುದನ್ನು ಬಿಟ್ಟಳು. ಆಮೇಲೆ ಬಿರುಸಾಗಿ ನಡೆಯುವುದನ್ನು ಬಿಟ್ಟಳು. ಆಮೇಲೆ ತಾನು ಗುಮಾಸ್ತೆಯಾಗಿದ್ದ ಕಾಲೇಜಿನ ಮೇಲಿನ ಮಹಡಿಗೆ ಹೋಗುವುದನ್ನೂ ಬಿಟ್ಟಳು. ಸಹಿ ಹಾಕಬೇಕಾದ ಪ್ರಾಧ್ಯಾಪಕರೇ ಕೆಳಗಿಳಿದು ಬರುವಂತಾಯಿತು. ಹಗಲು ದುಡಿದು ಸಂಜೆ ಕಾಲೇಜಿನಲ್ಲಿ ಬಿಎ ಮುಗಿಸಿದವಳು, ಎಂದೂ ಯಾರಿಗೂ ಕೆಲಸ ಹಚ್ಚಿದವಳಲ್ಲ. ಮೇಲಿನವರು ತನಗಾಗಿ ಮೆಟ್ಟಿಲಿಳಿದು ಬಂದಾಗಲೆಲ್ಲ ಅವಳಿಗೆ ನಾಚಿಕೆಯಾಗುತ್ತಿತ್ತು. ಆದರೆ ನಾಚಿಕೆಗಿಂತ ಅಂಜಿಕೆ ದೊಡ್ಡದಿತ್ತು.

ಯಾದಗಿರಿಯ ಡಾಕ್ಟರು ಎಲ್ಲ ಪರೀಕ್ಷೆ ಮಾಡಿಸಿ ನಕ್ಕಿದ್ದರು. "ನಿಮ್ಮ ಹಾರ್ಟ್ ಗಟ್ಟಿ ಅದರೀ. ನೀವು ಅದಕ್ಕ ಕೆಲಸ ಕೊಡವಲ್ರಿ, ಅದೊಂದೇ ಅದರ ರೋಗ. ಹಿಂಗೇ ಕುಂತ್ರ ಶುಗರು, ಬಿಪಿ ಎರಡೂ ಬಂದು ಬಾಜೂಕ ಕುಂದರ್ತಾವ ನೋಡ್ರಿ."

ಗಂಡ ಸುನೀಲಕುಮಾರ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವನದೂ ಅದೇ ರಾಗ, ಭಾಷೆ ಮಾತ್ರ ಬೇರೆ. "ಓಡೋ ಗಾಡಿ ಕೆಡಂಗಿಲ್ಲ ಪಂಚಿ, ನಿಂತ ಗಾಡಿ ಕೆಡ್ತದ." ಜಿಮ್ಮಿನಲ್ಲಿ ಹೆಂಗಸರ ಬ್ಯಾಚು ಶುರುವಾಗಿದೆ, ದಿನಕ್ಕೊಂದು ಥರದ ಕ್ಲಾಸು ನಡೆಯುತ್ತದೆ, ಮೊದಲ ವಾರ ಎಲ್ಲವನ್ನೂ ಮಾಡಿನೋಡಿ ಆಮೇಲೆ ಸೇರಬಹುದು ಎಂದು ಸುದ್ದಿ ತಂದವನೂ ಅವನೇ. ಪಂಚಶೀಲಾ ಒಪ್ಪಿಕೊಂಡಳು, ಆದರೆ ಮನಸ್ಸಿನಲ್ಲೇ ಒಂದು ಕರಾರು ಹಾಕಿಕೊಂಡಳು. ದಮ್ಮು ಹತ್ತದಂಥ ಕ್ಲಾಸು ಶನಿವಾರದೊಳಗೆ ಸಿಕ್ಕರೆ ಸೇರುವುದು. ಸಿಗದಿದ್ದರೆ ಈ ಮಾತನ್ನು ಮತ್ತೆ ಎತ್ತುವುದಿಲ್ಲ. ಇನ್ನುಳಿದ ಆಯುಷ್ಯವನ್ನು ಹೀಗೇ ಮೆಲ್ಲಗೆ ನಡೆದು ಕಳೆಯುವುದು.

ಕಲಿಸುವವಳು ಅಂಜನಾ, ಸುರಪುರದ ಕಡೆಯವಳು. ಖೋಖೋ ಆಡಿ ಬೆಳೆದ ಕಾಲು, ಕಲಬುರಗಿಯಲ್ಲಿ ತರಬೇತಿ ಪಡೆದು ಬಂದ ದನಿ. ಆ ದನಿ ಜಿಮ್ಮಿನ ಆ ತುದಿಯಿಂದ ಈ ತುದಿಗೆ ಮೈಕಿಲ್ಲದೆ ಮುಟ್ಟುತ್ತಿತ್ತು.

"ಏನರ ತ್ರಾಸ ಅದಾವೇನ್ರೀ ಮೇಡಂ? ಬಿಪಿ, ಮೊಣಕಾಲು, ಬೆನ್ನು?"

"ಏನಿಲ್ಲ. ಎಲ್ಲಾ ಚೆಕ್ ಮಾಡ್ಸೀನಿ. ರಿಪೋರ್ಟ್ ಚಲೋ ಬಂದಾವ."

"ಮತ್ತ ಮಾರಿ ಯಾಕ ಹಿಂಗ ಮಾಡೀರಿ?"

"ಚಲೋ ಬಂದಾವಲ್ಲ, ಅದಕ್ಕೇ ಅಂಜಿಕಿ. ಏನರ ಇದ್ದಿದ್ರ ಗುಳಿಗಿ ಕೊಡ್ತಿದ್ರು." ಪಂಚಶೀಲಾ ದನಿ ಇಳಿಸಿದಳು. "ದಮ್ಮು ಹತ್ತಲಾರದ್ದು ಯಾವ ಕ್ಲಾಸ್ ಅದರೀ?"

"ದಮ್ಮು ಹತ್ತಲಾರದ್ದು ಬೇಕಂದ್ರ ಕೆಳಗ ಸಿಮೆಂಟ್ ಅಂಗಡ್ಯಾಗ ಖುರ್ಚಿ ಅದಾವ ನೋಡ್ರಿ," ಎಂದು ಅಂಜನಾ ನಕ್ಕಳು. ಎದುರಿನ ಮುಖ ನಗದಿದ್ದುದನ್ನು ಕಂಡು ಮಾತು ಬದಲಿಸಿದಳು. "ಇವತ್ತ ಯೋಗ ಅದರೀ. ನೀವು ಹೇಳಿದಂಥಾದ್ದೇ. ಬರ್ರಿ, ಜಾಗಾ ಹಿಡೀರಿ."

ಪಂಚಶೀಲಾ ಬಾಗಿಲ ಹತ್ತಿರ ಚಾಪೆ ಹಾಸಿಕೊಂಡಳು. ಬಿದ್ದರೆ ಎತ್ತಿಕೊಂಡು ಹೋಗಲು ಅನುಕೂಲ. ಅವಳ ಬಲಕ್ಕೆ ಬಳೆ ಅಂಗಡಿಯ ಸರ್ವರಬೇಗಂ. ಐವತ್ತು ದಾಟಿದ ಹೆಂಗಸು, ತೂಕದ ಮೈ, ಅದನ್ನು ಹೊತ್ತು ಸೋತ ಮೊಣಕಾಲು. ಎಲ್ಲರೂ ಅವರನ್ನು ಆಪಾ ಎನ್ನುತ್ತಿದ್ದರು. ಎಡಕ್ಕೆ ಹಾಸ್ಟೆಲಿನಲ್ಲಿ ಅಡುಗೆ ಮಾಡುವ ಯಂಕಮ್ಮ, ಕಡ್ಡಿಯಂಥ ಮೈ, ಕತ್ತರಿಯಂಥ ನಾಲಿಗೆ.

ಆಸನಗಳು ಸರಳವಾಗಿಯೇ ಇದ್ದವು. ಬಗ್ಗಿದಳು, ಎದ್ದಳು, ಕೈ ಚಾಚಿದಳು. ಕಿಟಕಿಯಾಚೆ, ಬುದ್ಧ ಮಲಗಿದಂತೆ ಕಾಣುವ ಊರ ಗುಡ್ಡ ಬೆಳಗಿನ ಬಿಸಿಲಿಗೆ ಕೆಂಪಗಾಗುತ್ತಿತ್ತು. ಇದೇ ನನ್ನ ಕ್ಲಾಸು ಎಂದು ಅವಳು ಅಂದುಕೊಳ್ಳುವಷ್ಟರಲ್ಲಿ ಕೊನೆಯ ಆಸನ ಬಂತು.

"ಶವಾಸನ. ಹೆಣದಂಗ ಬೀಳ್ರಿ. ಕೈಕಾಲು ಬಿಡ್ರಿ. ಉಸಿರಿನ ಕಡಿ ಲಕ್ಷ್ಯ ಕೊಡ್ರಿ."

ಹೆಸರೇ ಅವಳ ಮೈಗೆ ಆಗಿಬರಲಿಲ್ಲ. ಅಷ್ಟರಲ್ಲಿ ಕರೆಂಟು ಹೋಗಿ ಫ್ಯಾನೂ ನಿಂತಿತು. ಆ ನಿಶ್ಶಬ್ದದಲ್ಲಿ ಅವಳ ಕಿವಿಯೊಳಗೆ ಎದೆಯ ಸದ್ದು ಒನಕೆಯಂತೆ ಕುಟ್ಟತೊಡಗಿತು. ಲಕ್ಷ್ಯ ಕೊಟ್ಟಷ್ಟೂ ಜೋರಾಯಿತು. ಗುಡ್ಡದ ಬುದ್ಧ ಯಾವ ಕಾಲದಿಂದಲೋ ಆರಾಮಾಗಿ ಮಲಗಿದ್ದಾನೆ, ಪಕ್ಕದಲ್ಲಿ ಸರ್ವರಬೇಗಂ ಗೊರಕೆ ಹೊಡೆಯುತ್ತಿದ್ದಾರೆ, ತನಗೆ ಮಾತ್ರ ಮಲಗುವುದೂ ಬರುವುದಿಲ್ಲ! ಅವಳು ಎದ್ದು ಕೂತು, ಬೆವರೊರೆಸಿಕೊಂಡು, ಎಲ್ಲರಿಗಿಂತ ಮೊದಲು ಮೆಟ್ಟಿಲಿಳಿದಳು.

ಮಂಗಳವಾರ ಜುಂಬಾ. ಬುರ್ಖಾ ಮೊಳೆಗೆ ತೂಗುಹಾಕಿ ಸರ್ವರಬೇಗಂ ಚಪ್ಪಾಳೆ ಹೊಡೆಯುತ್ತ ಮೊದಲ ಸಾಲಿಗೇ ನುಗ್ಗಿದರು. ಎಲ್ಲರೂ ಬಲಕ್ಕೆ ಹೋದಾಗ ಪಂಚಶೀಲಾ ಎಡಕ್ಕೆ ಹೋಗಿ ಯಂಕಮ್ಮನಿಗೆ ಢಿಕ್ಕಿ ಹೊಡೆದಳು. "ರಾಂಗ್ ಸೈಡಿಲಿಂದ ಬರಾಕತ್ತೀರಿ ಅಕ್ಕಾ, ಪೊಲೀಸರು ಹಿಡೀತಾರ!" ಎಂದು ಯಂಕಮ್ಮ ಕೂಗಿದಳು. ಪಂಚಶೀಲಾ ನಕ್ಕಳು. ನಿಜ ಹೇಳಬೇಕೆಂದರೆ ಒಂದು ಹಾಡಿನ ತನಕ ಅವಳಿಗೆ ಖುಷಿಯೇ ಆಯಿತು. ಆ ಗದ್ದಲದಲ್ಲಿ ಎದೆಯ ಸದ್ದು ಕೇಳುತ್ತಲೇ ಇರಲಿಲ್ಲ. ಆದರೆ ಹಾಡು ಫಕ್ಕನೆ ನಿಂತಾಗ, ಅಷ್ಟು ಹೊತ್ತೂ ಯಾರೋ ಬಾಗಿಲು ಬಡಿಯುತ್ತಲೇ ಇದ್ದರು, ತನಗೆ ಈಗ ಕೇಳಿಸಿತು ಎನ್ನುವ ಹಾಗೆ ಅದು ಒಳಗೆ ದಬದಬ ಎನ್ನುತ್ತಿತ್ತು. ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡು, ಸದ್ದು ಇಳಿಯುವ ತನಕ ನಲ್ಲಿ ಹಿಡಿದು ನಿಂತಳು.

ಬುಧವಾರದ್ದು ಅದಕ್ಕಿಂತ ಕೆಟ್ಟದ್ದು. ಪ್ರತಿಯೊಬ್ಬರ ಮುಂದೆ ಒಂದು ಪ್ಲಾಸ್ಟಿಕ್ಕಿನ ಮೆಟ್ಟಿಲು. ತಾಳಕ್ಕೆ ಸರಿಯಾಗಿ ಹತ್ತುವುದು, ಇಳಿಯುವುದು. ಪಂಚಶೀಲಾ ಒಂದು ಕಾಲು ಮೇಲಿಟ್ಟಳು, ಇನ್ನೊಂದನ್ನು ಎತ್ತಲಿಲ್ಲ. ಹಾಗೇ ನಿಂತಳು.

"ಹತ್ತೋದಿದ್ರ ಹತ್ತರೀ ಅಕ್ಕಾ, ಬಸ್ಸು ಹೊಂಟದ!" ಎಂದಳು ಯಂಕಮ್ಮ.

ಅವಳಿಗೇನು ಗೊತ್ತು ಪಾಪ? ಸಾಲಿನವರೆಲ್ಲ ನಕ್ಕರು. ಪಂಚಶೀಲಾಳ ಕಣ್ಣ ಮುಂದೆ ಅಕ್ಕ ಹತ್ತಿದ ಬಸ್ಸು ಬಂತು. ಕಾಲು ಕೆಳಗಿಳಿಸಿ, ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬಂದುಬಿಟ್ಟಳು. ಗುರುವಾರ, ಶುಕ್ರವಾರ ಬೆಳಿಗ್ಗೆ ಎದ್ದು, ಜಡೆ ಹಾಕಿಕೊಂಡು, ಹೊಸ್ತಿಲ ತನಕ ಹೋಗಿ ವಾಪಸು ಬಂದಳು.

"ಹ್ಯಾಂಗ್ ನಡದದ?" ಎಂದು ಸುನೀಲಕುಮಾರ ಕೇಳಿದ.

"ನನಗ ಆಗಂಗಿಲ್ಲ ಬಿಡ್ರಿ. ಹಟಾ ಮಾಡಬ್ಯಾಡ್ರಿ."

ಅವನು ಹಟ ಮಾಡಲಿಲ್ಲ. ಅವನು ಹಟ ಮಾಡದಿದ್ದುದು ಅವಳಿಗೆ ಇನ್ನಷ್ಟು ಬೇಸರ ತಂದಿತು.

ಶನಿವಾರ ರಜೆ ಹಾಕಿದ್ದಳು. ವಡಗೇರಾದಲ್ಲಿ ತಮ್ಮ ಮಹಾದೇವಪ್ಪನ ಮನೆಯಲ್ಲಿದ್ದ ಅವ್ವನನ್ನು ನೋಡಿಬರುವುದಿತ್ತು. ಚೀಲ ಹೆಗಲಿಗೇರಿಸಿ ಮೊದಲು ಜಿಮ್ಮಿಗೆ ಹೋದಳು; ಸೇರುವುದಕ್ಕಲ್ಲ, ಸೇರುವುದಿಲ್ಲ ಎಂದು ಹೇಳುವುದಕ್ಕೆ. ಹೇಳದೆ ಕೇಳದೆ ಬಿಟ್ಟುಬಿಡುವುದು ಅವಳ ಜಾಯಮಾನವಲ್ಲ.

"ಒಂದು ಮಾತು ಹೇಳಬೇಕಿತ್ತು ಅಂಜನಾ."

"ಕ್ಲಾಸ್ ಮುಗಿದ ಮ್ಯಾಲ ಹೇಳ್ರಿ ಮೇಡಂ. ಹೊತ್ತಾತು, ನಿಂದರ್ರಿ ಸಾಲಿನ್ಯಾಗ."

"ಇಲ್ಲ, ಅದೇ ಮಾತು..."

"ನಿಂದರ್ರಿ!"

ಆ ದನಿಗೆ ಎದುರಾಡುವ ಧೈರ್ಯ ಅವಳಿಗೆ ಇರಲಿಲ್ಲ. ಚೀಲವನ್ನು ಬೆಂಚಿನ ಮೇಲಿಟ್ಟು, ಸರ್ವರಬೇಗಂ ಮತ್ತು ಯಂಕಮ್ಮನ ನಡುವೆ ನಿಂತಳು. ಅಂದಿನ ಕ್ಲಾಸಿನಲ್ಲಿ ಹಾಡಿಲ್ಲ, ಮೆಟ್ಟಿಲಿಲ್ಲ. ಬಸ್ಕಿ, ಡಂಬೆಲ್ಲು, ಹಗ್ಗ ಒಂದಾದ ಮೇಲೊಂದು.

"ಮೊದಲ ಇಪ್ಪತ್ತು ಸ್ಕ್ವಾಟ್," ಎಂದಳು ಅಂಜನಾ. "ಒಬ್ಬೊಬ್ಬರು ಮುಂದ ಓಡೋದಲ್ಲ. ಎಲ್ಲಾರದೂ ಮುಗಿಯೋತನಕ ಮುಂದಿಂದಿಲ್ಲ. ತಿಳೀತಿಲ್ಲೋ?"

"ಬಸ್ಕಿ ಅನ್ನು, ತಿಳೀತದ," ಎಂದಳು ಯಂಕಮ್ಮ. "ಸಾಲ್ಯಾಗ ಮಾಸ್ತರರು ಪುಕ್ಕಟೆ ಹೊಡಸ್ತಿದ್ರು."

ಶುರುವಾಯಿತು. ಎಂಟನೆಯದರ ಹೊತ್ತಿಗೆ ಪಂಚಶೀಲಾಳ ಎದೆ ಕುಟ್ಟತೊಡಗಿತು. ಅವಳು ನಿಂತಳು. ಕೇಳಿಸಿಕೊಂಡಳು. ಮೆಲ್ಲಗೆ ಸಾಲಿನಿಂದ ಹೊರಗೆ ಬಂದು ಬೆಂಚಿನ ಮೇಲೆ ತನ್ನ ಚೀಲದ ಪಕ್ಕದಲ್ಲಿ ಕೂತಳು. ಉಳಿದವರದು ಮುಗಿಯಿತು. ಎಲ್ಲರೂ ಸೊಂಟದ ಮೇಲೆ ಕೈಯಿಟ್ಟು ಅವಳ ಕಡೆ ನೋಡಿದರು.

"ಅಕ್ಕಾಂದು ಇನ್ನ ಎಷ್ಟು ಉಳದಾವ?" ಎಂದು ಯಂಕಮ್ಮ ಕೇಳಿದಳು.

"ಹನ್ನೆರಡು," ಎಂದಳು ಪಂಚಶೀಲಾ. ಎಣಿಕೆ ತಪ್ಪಿ ಹೇಳಿ ಗೊತ್ತಿಲ್ಲ ಅವಳಿಗೆ.

"ಅಷ್ಟೇನಾ? ಬಿಡ್ರಿ. ಆರು ನಾ ತೊಗೋತೀನಿ, ಆರು ಆಪಾ ತೊಗೋತಾರ. ಏನಂತೀರಿ ಆಪಾ?"

"ಲಾವ್, ಕೊಡಿಲ್ಲಿ," ಎಂದರು ಸರ್ವರಬೇಗಂ, ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳುವವರಂತೆ.

ಇಬ್ಬರೂ ಬಸ್ಕಿಗೆ ಇಳಿದೇಬಿಟ್ಟರು. ಅಂಜನಾ ಬಾಯಿ ತೆರೆದವಳು ಮುಚ್ಚಲಿಲ್ಲ.

"ಏ, ಏ! ಏನ್ ನಡಸೀರಿ? ಅದು ಹಂಗ ಬರಂಗಿಲ್ರೀ! ಬಸ್ಕಿ ಯಾರರ ಪಾಲು ಮಾಡ್ಕೋತಾರೇನು?"

"ಯಾಕ್ ಬರಂಗಿಲ್ಲ? ಎಲ್ಲಾರದೂ ಮುಗೀಬೇಕಂತ ನೀನೇ ಅಂದಿ. ಮುಗಸಾಕತ್ತೀವಿ."

"ನೀವು ಉಂಡ್ರ ಆಕಿ ಹೊಟ್ಟಿ ತುಂಬತದೇನ್ರೀ?"

"ಅದು ಉಣ್ಣೋ ಮಾತವ್ವಾ," ಎಂದಳು ಯಂಕಮ್ಮ, ಏಳುತ್ತ ಬಗ್ಗುತ್ತ. "ಇದು ದುಡಿಯೋ ಮಾತು."

ಇಡೀ ಜಿಮ್ಮು ನಕ್ಕಿತು. ಪಂಚಶೀಲಾಳೂ ನಗಲು ಬಾಯಿ ತೆರೆದವಳು ಹಾಗೇ ತಡೆದಳು. ಇದನ್ನು ಅವಳು ಬಲ್ಲಳು. ಇದನ್ನು ಅವಳು ಎಷ್ಟು ಸಲ ಮಾಡಿದ್ದಳು!

ಶಾಲೆಗೆ ರಜೆ ಬಿದ್ದರೆ ಅವ್ವ ದೇವಕಮ್ಮ ಇಬ್ಬರು ಹೆಣ್ಣುಮಕ್ಕಳನ್ನೂ ಹೊಲಕ್ಕೆ ಕರೆದೊಯ್ಯುತ್ತಿದ್ದಳು, ತೊಗರಿಯ ಕಸ ತೆಗೆಯಲು. ಒಬ್ಬೊಬ್ಬರಿಗೆ ಒಂದೊಂದು ಸಾಲು. ಮೊದಲು ಮುಗಿಸಿದವಳು ಬದುವಿನ ಮೇಲೆ ಕೂಡುವಂತಿಲ್ಲ. ಹಿಂದುಳಿದವಳ ಸಾಲಿಗೆ ಆ ತುದಿಯಿಂದ ಇಳಿದು, ಕಸ ತೆಗೆಯುತ್ತ ಅವಳ ಎದುರಿಗೆ ಬರಬೇಕು. ಇಬ್ಬರ ಕುರ್ಪಿ ನಡುವೆ ಎಲ್ಲೋ ಒಂದು ಕಡೆ ಕೂಡಬೇಕು. ಆಗಲೇ ಎಲ್ಲರೂ ಒಟ್ಟಿಗೆ ಏಳುವುದು, ಒಟ್ಟಿಗೆ ನೀರು ಕುಡಿಯುವುದು, ಹೊಸ ಸಾಲು ಹಿಡಿಯುವುದು. ಹೇಳಿಕೊಡುವ ಮಾತೇ ಇರಲಿಲ್ಲ ಅದು. ಹೊಲಕ್ಕೆ ಹೋದವರಿಗೆಲ್ಲ ತಾನಾಗಿ ಬರುವ ರೂಢಿ. ಯಂಕಮ್ಮನೂ ಸರ್ವರಬೇಗಮ್ಮರೂ ಆ ಸಾಲುಗಳಿಂದಲೇ ಎದ್ದು ಬಂದವರು ಎನ್ನುವುದು ಈಗ ಬೇರೆ ಹೇಳಬೇಕಿರಲಿಲ್ಲ.

ಆ ಹೊಲದಲ್ಲಿ ಪ್ರತಿಸಲವೂ ಹಿಂದುಳಿಯುತ್ತಿದ್ದವಳು ಅಕ್ಕ. ಪ್ರತಿಸಲವೂ ಎದುರಿಗೆ ಹೋಗುತ್ತಿದ್ದವಳು ತಾನು.

ಪಂಚಶೀಲಾ ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಹೌದಲ್ಲ! ಸುಜಾತಾ ಆಗಲೇ, ಲಂಗ ಉಡುವ ವಯಸ್ಸಿನಲ್ಲೇ, ಅರ್ಧ ಸಾಲಿಗೆ ತುಟಿ ನೀಲಿಯಾಗಿ ಕುಕ್ಕರಿಸಿ ಉಸಿರೆಳೆದುಕೊಳ್ಳುತ್ತಿದ್ದಳು. ಅವ್ವ ಅದನ್ನು ಮೈಗಳ್ಳತನ ಎಂದು ಬೈಯುತ್ತಿದ್ದಳು. ತಾನು ಸಾಲು ಮುಗಿಸಿ, ಬದುವಿನುದ್ದ ಓಡಿ, ಅಕ್ಕನ ಸಾಲಿಗೆ ಇಳಿದರೂ ಬಾಯಲ್ಲಿ ಹಾಡು ಉಳಿದಿರುತ್ತಿತ್ತು. ಇಬ್ಬರದೂ ಒಂದೇ ಎದೆ ಎಂದು ಈ ವರ್ಷವೆಲ್ಲ ಯಾಕೆ ನಂಬಿದೆ? ಡಾಕ್ಟರ ರಿಪೋರ್ಟು ಹೇಳಿದ್ದನ್ನು ಆ ತೊಗರಿ ಹೊಲ ಯಾವತ್ತೋ ಹೇಳಿತ್ತಲ್ಲ.

ಇನ್ನೂ ಒಂದು ಮಾತು ನೆನಪಾಯಿತು. ಅಷ್ಟು ದಣಿದರೂ ಸುಜಾತಾ ಸಾಲು ಬಿಟ್ಟು ಎಂದೂ ಎದ್ದಿರಲಿಲ್ಲ. ಎದುರಿನಿಂದ ತಂಗಿ ಬರುತ್ತಿದ್ದರೆ, ಅವಳು ಗೇಣು ಗೇಣೇ ಆದರೂ ತನ್ನ ಕಡೆಯಿಂದ ಬರುತ್ತಲೇ ಇರುತ್ತಿದ್ದಳು. ಒಬ್ಬರು ತನಗಾಗಿ ದುಡಿಯುವಾಗ ತಾನು ಬದುವಿನ ಮೇಲೆ ಕೂಡುವುದು ಹೊಲದಲ್ಲಿ ಯಾರೂ ಮಾಡದ ಕೆಲಸ. ತಾನು ಬೆಂಚಿನ ಮೇಲೆ ಕೂತಿದ್ದಳು!

"ಯಾ ಅಲ್ಲಾ," ಎಂದರು ಸರ್ವರಬೇಗಂ. ಮೂರನೆಯದಕ್ಕೆ ಅವರ ಮೊಣಕಾಲು ಲಟಕ್ಕೆಂದಿತ್ತು. ತೊಡೆ ಹಿಡಿದುಕೊಂಡರೂ ಮತ್ತೆ ಬಗ್ಗಲು ನೋಡುತ್ತಿದ್ದರು.

ಪಂಚಶೀಲಾ ಎದ್ದು ಬಂದಳು.

"ನಿಲ್ಲಸ್ರಿ ಆಪಾ. ನಂದು ನಾ ಮಾಡ್ತೀನಿ."

"ಮೂರು ಉಳದಾವ ಬೇಟಿ, ಆಗೇ ಹೋಗ್ತಾವ."

"ಹಂಗಿದ್ರ ನಾನೂ ಈ ಕಡಿಲಿಂದ ಬರ್ತೀನಿ."

ಸರ್ವರಬೇಗಂ ಅವಳ ಮುಖ ನೋಡಿದರು. ಅವರಿಗೆ ಅರ್ಥವಾಯಿತು. "ಬಾ ಮತ್ತ," ಎಂದರು, "ಎದುರು ಬಾ."

ಇಬ್ಬರೂ ಎದುರುಬದುರು ನಿಂತು ಕೈ ಕೈ ಹಿಡಿದುಕೊಂಡು ಬಗ್ಗಿದರು, ಎದ್ದರು. ಸರ್ವರಬೇಗಂ ಒಂದಕ್ಕೇ ಸಾಕುಮಾಡಿದರು. ಪಂಚಶೀಲಾ ನಿಲ್ಲಿಸಲಿಲ್ಲ. ಅವರ ಪಾಲಿನದೂ ಯಂಕಮ್ಮನ ಪಾಲಿನದೂ ತನ್ನವೇ ಎಂದು, ಹನ್ನೆರಡನ್ನೂ ಮೊದಲಿನಿಂದ ಮಾಡಿದಳು. ಅಂಜನಾ ಲೆಕ್ಕ ಹೇಳಿದಳು, ಸಾಲಿನವರು ದನಿಗೂಡಿಸಿದರು. ಕೊನೆಯದಕ್ಕೆ ಯಂಕಮ್ಮ ಸೀಟಿ ಹೊಡೆದಳು.

ಆಮೇಲೆ ಅದು ಬಂತು. ಎದೆ, ಗಂಟಲು, ಕಿವಿ, ಎಲ್ಲೆಲ್ಲೂ ಒನಕೆ. ಪಂಚಶೀಲಾ ಸರ್ವರಬೇಗಮ್ಮರ ಕೈ ಬಿಡಲಿಲ್ಲ.

"ಆಪಾ, ಎದಿ ಹೊಡ್ಕೊಳ್ಳಾಕತ್ತದ."

ಸರ್ವರಬೇಗಮ್ಮರಿಗೂ ಮಾತಾಡುವಷ್ಟು ಉಸಿರಿರಲಿಲ್ಲ. ಅವಳ ಕೈಯೆತ್ತಿ ತಮ್ಮ ಕುತ್ತಿಗೆಗೆ ಒತ್ತಿಕೊಂಡರು. ಬೆವರಿನಲ್ಲಿ ತೊಯ್ದ ಆ ತೊಗಲಿನ ಕೆಳಗೆ ಅದೇ ಕುಟ್ಟುವ ಸದ್ದು. ತನ್ನದಕ್ಕಿಂತ ಒಂದು ಕೈ ಜೋರು.

"ನಂದೂ ನೋಡ್ರಿ ಅಕ್ಕಾ," ಎಂದು ಯಂಕಮ್ಮ ಕುತ್ತಿಗೆ ಚಾಚಿದಳು. "ಡೊಳ್ಳು!"

"ಹೊಡ್ಕೊಳ್ಳಲಾರದ ಏನ್ ಮಾಡಬೇಕ್ರೀ ಅದು?" ಎಂದಳು ಅಂಜನಾ. "ಅದರ ಕೆಲಸ ಅದು ಮಾಡಾಕತ್ತದ. ನಿಂದರ್ರಿ, ನೀರು ಕುಡೀರಿ. ತಾನ ಇಳೀತದ."

ಇಳಿಯಿತು. ಯಾರೂ ಹೇಳದೆ, ನಲ್ಲಿ ಹಿಡಿದು ಕಾಯದೆ, ಸರ್ವರಬೇಗಮ್ಮರದೂ ಅವಳದೂ ಒಂದರ ಹಿಂದೊಂದು ಮೆಲ್ಲಗೆ ಇಳಿದವು. ಅವಳ ಕಣ್ಣಿನಲ್ಲಿ ನೀರು ಬಂತು. ಬೆವರಿನ ಜೊತೆ ಒರೆಸಿಕೊಂಡಳು.

"ಏನೋ ಹೇಳಬೇಕಂದಿದ್ರಲ್ಲ ಮೇಡಂ?" ಎಂದು ಕ್ಲಾಸು ಮುಗಿದ ಮೇಲೆ ಅಂಜನಾ ಕೇಳಿದಳು.

"ಏನಿಲ್ಲ. ಸೋಮವಾರ ಬರ್ತೀನಿ ಅಂತ ಹೇಳೋದಿತ್ತು." ಚೀಲ ಹೆಗಲಿಗೇರಿಸುತ್ತ, "ಖರೇ, ಆ ಹೆಣದಂಗ ಬೀಳೋದೊಂದು ಬ್ಯಾಡ," ಎಂದಳು.

"ಅದನ್ನ ನಾ ಪಾಲು ತೊಗೋತೀನಿ," ಎಂದರು ಸರ್ವರಬೇಗಂ. "ನನಗ ಚಲೋ ನಿದ್ದಿ ಬರ್ತದ."

ಬಸ್ ಸ್ಟ್ಯಾಂಡಿನ ಗೇಟಿಗೆ ಬರುವಷ್ಟರಲ್ಲಿ ವಡಗೇರಾ ಬಸ್ಸು ಹೊರಟಿತ್ತು. ಪಂಚಶೀಲಾ ಚೀಲವನ್ನು ಎದೆಗವಚಿಕೊಂಡಳು. ಬೇರೆ ದಿನವಾಗಿದ್ದರೆ ಕಲ್ಲುಬೆಂಚಿನ ಮೇಲೆ ಕೂತು ಮುಂದಿನದಕ್ಕೆ ಕಾಯುತ್ತಿದ್ದಳು. ಇಂದು ಅವಳ ಕಾಲು ಅವಳನ್ನು ಕೇಳಲಿಲ್ಲ. ಹಣ್ಣಿನ ಬಂಡಿ ಬಳಸಿ, ಆಟೋ ಸಂದಿಯಲ್ಲಿ ನುಸುಳಿ ಓಡಿದಳು. ಬಸ್ಸು ತಿರುವಿನಲ್ಲಿ ನಿಧಾನವಾಯಿತು. ಕಂಬಿ ಹಿಡಿದು ಹತ್ತಿದಳು.

ಸೀಟು ಸಿಕ್ಕಿತು. ಕಿಟಕಿಯ ಪಕ್ಕದ ಮುದುಕಿ ಅವಳ ಏದುಸಿರು ನೋಡಿ, "ಕಿಡಕಿ ತಗೀಲೇನವ್ವಾ?" ಎಂದಳು.

ಪಂಚಶೀಲಾಳ ಕೈ ತಾನಾಗಿ ಎದೆಗೆ ಹೋಯಿತು. ಅದು ಹೊಡೆದುಕೊಳ್ಳುತ್ತಿತ್ತು, ಬದುವಿನುದ್ದ ಓಡಿಬಂದ ಹುಡುಗಿಯ ಎದೆಯ ಹಾಗೆ. ಅಕ್ಕನ ನೆನಪೂ ಅದರ ಜೊತೆಗೇ ಇತ್ತು, ಆದರೆ ಹೆದರಿಸುತ್ತಿರಲಿಲ್ಲ.

"ತಗೀರಿ," ಎಂದಳು. "ಗಾಳಿ ಬರಲಿ."

ಕಂಡಕ್ಟರು ಬಂದು ನಿಂತ. "ಎಲ್ಲಿಗ್ರೀ? ಆಧಾರ್ ತಗೀರಿ."

ಅವಳು ಕೈಯೆತ್ತಿ ತಡೆದಳು. "ನಿಂದರ್ರಿ ಅಣ್ಣಾ, ದಮ್ಮು ಹತ್ತ್ಯಾದ," ಎಂದಳು. ಹೇಳುತ್ತ ಹೇಳುತ್ತ ಅವಳಿಗೆ ನಗು ಬಂತು. ಕಂಡಕ್ಟರು ಬೇರೆಯವರ ಟಿಕೆಟು ಹರಿದು ತಿರುಗಿ ಬರುವಷ್ಟರಲ್ಲಿ ಉಸಿರು ತನ್ನ ದಾರಿಗೆ ತಾನು ಬಂದಿತ್ತು.

"ವಡಗೇರಾ," ಎಂದಳು.